ಹೊಗೆಯ ಬಿಸಿಯಿಂದ ಕರೆಂಟ್: ಎಂಜಿನ್ ಕೊಳ್ಳುವ ಮುಂಚೆ ಹಾಕಬೇಕಾದ ಲೆಕ್ಕ

ಡೀಸೆಲ್ ಜನರೇಟರ್‌ಗೆ ಹಾಕಿದ ಎಣ್ಣೆಯ ಶಕ್ತಿಯಲ್ಲಿ ಕರೆಂಟ್ ಆಗಿ ಕೈಗೆ ಬರುವುದು ಮೂರನೇ ಒಂದು ಪಾಲು. ತುಂಬ ಒಳ್ಳೆಯ ಯಂತ್ರವಾದರೆ ಶೇ 40. ಉಳಿದದ್ದನ್ನು ಹೊಗೆಕೊಳವೆ ಮತ್ತು ರೇಡಿಯೇಟರ್ ಹೆಚ್ಚುಕಮ್ಮಿ ಸಮವಾಗಿ ಹಂಚಿಕೊಂಡು ಗಾಳಿಗೆ ಬಿಡುತ್ತವೆ. ಬಾಯ್ಲರ್ ಚಿಮಣಿ, ಬೇಕರಿ ಓವನ್, ಇಟ್ಟಿಗೆ ಗೂಡು, ಆಲೆಮನೆ ಒಲೆ, ಎಲ್ಲ ಕಡೆಯೂ ಇದೇ ಕಥೆ.

ಇಷ್ಟೊಂದು ಬಿಸಿ ದಂಡ ಆಗುತ್ತಿದೆ, ಅದಕ್ಕೊಂದು ಎಂಜಿನ್ ಕೂರಿಸಿದರೆ ಕರೆಂಟ್ ಬಿಲ್ ಇಳಿಯುತ್ತೆ ಅಲ್ವಾ? ಕೆಲವು ಕಡೆ ಹೌದು, ಬಹಳಷ್ಟು ಕಡೆ ಇಲ್ಲ. ನಿಮ್ಮ ಜಾಗ ಯಾವ ಗುಂಪಿಗೆ ಸೇರುತ್ತದೆ ಎನ್ನುವುದನ್ನು ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್, ಒಂದು ಕ್ಯಾಲ್ಕುಲೇಟರ್ ಇದ್ದರೆ ನೀವೇ ಕಂಡುಕೊಳ್ಳಬಹುದು. ಯಂತ್ರ ಮಾರುವವರನ್ನು ಕರೆಸುವುದು ಆಮೇಲಿನ ಮಾತು. ಸಣ್ಣ ಕಾರ್ಖಾನೆ, ಅಕ್ಕಿ ಗಿರಣಿ, ಹೋಟೆಲ್, ಆಸ್ಪತ್ರೆ ನಡೆಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಎಂಜಿನಿಯರಿಂಗ್ ಓದುವವರಿಗೆ ಪ್ರಾಜೆಕ್ಟ್ ಕೆಲಸಕ್ಕೂ ಆದೀತು.

ಈ ಎಂಜಿನ್‌ಗಳು ಓಡುವುದು ಹೇಗೆ

ಮುಖ್ಯವಾಗಿ ಎರಡು ಬಗೆ. ಒಂದು, ಕುದಿಸುವ ಎಂಜಿನ್. ದ್ರವವನ್ನು ಒತ್ತಡದಲ್ಲಿ ಕುದಿಸಿ, ಆ ಆವಿಯಿಂದ ಟರ್ಬೈನ್ ತಿರುಗಿಸಿ, ಮತ್ತೆ ತಣ್ಣಗೆ ಮಾಡಿ ದ್ರವವಾಗಿಸಿ, ಪಂಪ್‌ನಿಂದ ವಾಪಸ್ ಕಳಿಸುವುದು. ಇದು ರ‍್ಯಾಂಕಿನ್ ಚಕ್ರ. ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರದಲ್ಲಿ ನಡೆಯುವುದೂ ಇದೇ. ಅಲ್ಲಿ ದ್ರವ ನೀರು. ಕಡಿಮೆ ಬಿಸಿ ಸಿಗುವ ಕಡೆ ನೀರಿನ ಬದಲು ಬೇಗ ಕುದಿಯುವ ದ್ರವ ಹಾಕುತ್ತಾರೆ. ಪೆಂಟೇನ್ ಅಂಥದ್ದೊಂದು, ಮಾಮೂಲಿ ಗಾಳಿಯ ಒತ್ತಡದಲ್ಲಿ 36 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಇಂಥ ದ್ರವದ ಯಂತ್ರಕ್ಕೆ ಆರ್ಗ್ಯಾನಿಕ್ ರ‍್ಯಾಂಕಿನ್, ಚಿಕ್ಕದಾಗಿ ಓಆರ್‌ಸಿ ಎನ್ನುತ್ತಾರೆ.

ಇನ್ನೊಂದು ಸ್ಟರ್ಲಿಂಗ್ ಎಂಜಿನ್. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ 1816ರಲ್ಲಿ ಪೇಟೆಂಟ್ ತೆಗೆದುಕೊಂಡದ್ದು. ಇದರಲ್ಲಿ ಏನನ್ನೂ ಕುದಿಸುವುದಿಲ್ಲ. ಒಳಗೆ ಮುಚ್ಚಿಟ್ಟ ಗಾಳಿ ಅಥವಾ ಹೈಡ್ರೋಜನ್, ಹೀಲಿಯಂನಂಥ ಅನಿಲ ಬಿಸಿ ಕಡೆಗೆ ಹೋದಾಗ ಉಬ್ಬುತ್ತದೆ, ತಣ್ಣನೆ ಕಡೆಗೆ ಬಂದಾಗ ಕುಗ್ಗುತ್ತದೆ. ಆ ಉಬ್ಬುಕುಗ್ಗು ಪಿಸ್ಟನ್ ಓಡಿಸುತ್ತದೆ.

ಇದರ ಆಟಿಕೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ದುಡ್ಡು ಖರ್ಚು ಮಾಡುವ ಮುಂಚೆ ಒಂದನ್ನು ತರಿಸಿ ಆಡಿ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಎರಡು ಲೋಹದ ತಟ್ಟೆ, ನಡುವೆ ಅಗಲವಾದ ಪ್ಲಾಸ್ಟಿಕ್ ಉಂಗುರ, ಒಳಗೆ ಹಗುರವಾದ ಥರ್ಮೋಕೋಲ್ ಬಿಲ್ಲೆ, ಮೇಲೊಂದು ಪುಟ್ಟ ಚಕ್ರ. ಬಿಸಿ ನೀರಿನ ಲೋಟದ ಮೇಲಿಟ್ಟು ಒಂದು ನಿಮಿಷ ಕಾದು, ಚಕ್ರಕ್ಕೆ ಬೆರಳಿನಿಂದ ಸುಮ್ನೆ ಒಂದು ತಟ್ಟು ಕೊಡಿ. ತಿರುಗತೊಡಗುತ್ತದೆ. ಸ್ವಲ್ಪ ಹೊತ್ತಿಗೆ ಮೇಲಿನ ತಟ್ಟೆಯೂ ಬೆಚ್ಚಗಾಗಿ ವೇಗ ಇಳಿಯುತ್ತದೆ. ಆಗ ಮೇಲಿನ ತಟ್ಟೆಯ ಮೇಲೆ ಒಂದು ಐಸ್ ತುಂಡು ಇಡಿ. ಲೋಟದ ನೀರು ಆಗಿನಿಂದ ಆರುತ್ತಲೇ ಇದೆ, ಆದರೂ ಚಕ್ರ ಮತ್ತೆ ಜೋರಾಗುತ್ತದೆ. ಎಂಜಿನ್ ಓಡುವುದು ಎರಡು ಕಡೆಯ ನಡುವಿನ ವ್ಯತ್ಯಾಸದಿಂದ. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಕ್ರೊಯೇಷಿಯಾದ ಝಾಗ್ರೆಬ್‌ನಲ್ಲಿ ಪ್ರೊಫೆಸರ್ ಆಗಿದ್ದ ಇವೊ ಕೊಲಿನ್ 1983ರಲ್ಲಿ ಇಂಥ ಕಡಿಮೆ ವ್ಯತ್ಯಾಸದ ಎಂಜಿನ್ ಮಾಡಿ ತೋರಿಸಿದರು. ಆಮೇಲೆ ಅಂಗೈ ಬಿಸಿಗೇ ಓಡುವ ಮಾದರಿಗಳೂ ಬಂದವು. ಅವುಗಳನ್ನು ವಿಡಿಯೋದಲ್ಲಿ ನೋಡಿದವರು ‘ಕೈ ಬಿಸಿಗೇ ಓಡುತ್ತಲ್ಲ, ಚಿಮಣಿ ಬಿಸಿಗೆ ಊರಿಗೇ ಕರೆಂಟ್ ಕೊಡಬಹುದು’ ಅಂದುಕೊಳ್ಳುತ್ತಾರೆ. ಆ ಚಕ್ರಕ್ಕೆ ಒಂದು ಬೆರಳು ತಾಗಿಸಿ, ನಿಂತುಬಿಡುತ್ತದೆ. ಓಡುವುದು ಬೇರೆ, ಕೆಲಸ ಮಾಡುವುದು ಬೇರೆ.

ಹಂತ 1: ಎಷ್ಟು ಡಿಗ್ರಿ?

ಅಳೆಯಲು ಕೆ-ಟೈಪ್ ಥರ್ಮೋಕಪಲ್ ಬಳಸಿ, ಅಂದರೆ ತುಂಬ ಬಿಸಿಯನ್ನೂ ಅಳೆಯಬಲ್ಲ ಲೋಹದ ತಂತಿಯ ಥರ್ಮಾಮೀಟರ್. ಉದ್ದನೆಯ ಕಡ್ಡಿಯ ಪ್ರೋಬ್ ಇರುವುದು ಬೇಕು. ಕಡ್ಡಿಯ ತುದಿ ಹೊಗೆಯ ನಡುವೆ ಇರಬೇಕು, ಕೊಳವೆಯ ಗೋಡೆಗೆ ತಾಗಬಾರದು. ಗುಂಡಿ ಒತ್ತಿದರೆ ಕೆಂಪು ಚುಕ್ಕೆ ಬೀಳುವ ಇನ್‌ಫ್ರಾರೆಡ್ ಗನ್ ಈ ಕೆಲಸಕ್ಕೆ ಬೇಡ. ಅದು ಓದುವುದು ಹೊರಮೈಯ ಬಿಸಿ. ಅದರಲ್ಲೂ ಹೊಳೆಯುವ ಅಲ್ಯೂಮಿನಿಯಂ ಹೊದಿಕೆಯ ಮೇಲೆ ಹಿಡಿದರೆ ನಿಜಕ್ಕಿಂತ ತುಂಬ ಕಡಿಮೆ ತೋರಿಸುತ್ತದೆ.

ಒಂದು ದಿನದ ಓದು ಸಾಲದು. ಒಂದು ವಾರ, ಗಂಟೆಗೊಮ್ಮೆ ಬರೆದಿಡಿ. ಪಕ್ಕದಲ್ಲೇ ಆ ಹೊತ್ತಿನ ಲೋಡ್ ಎಷ್ಟಿತ್ತು ಎಂದೂ ಬರೆಯಿರಿ. ಡೀಸೆಲ್ ಜನರೇಟರ್ ಪೂರ್ತಿ ಲೋಡ್‌ನಲ್ಲಿ 400ರಿಂದ 500 ಡಿಗ್ರಿಯ ಹೊಗೆ ಬಿಡುತ್ತದೆ. ಲೋಡ್ ಇಳಿದರೆ ಹೊಗೆಯ ಬಿಸಿಯೂ ಇಳಿಯುತ್ತದೆ. ರೇಡಿಯೇಟರ್ ನೀರು 80–90 ಡಿಗ್ರಿ. ಸಿಮೆಂಟ್ ಗೂಡಿನ ಪ್ರೀಹೀಟರ್ (ಕಚ್ಚಾ ಪುಡಿಯನ್ನು ಮೊದಲೇ ಕಾಯಿಸುವ ಭಾಗ) ದಾಟಿ ಬರುವ ಗಾಳಿ ಸುಮಾರು 300–400. ಬಳ್ಳಾರಿ ಕಡೆಯ ಸ್ಪಾಂಜ್ ಐರನ್ (ಅದಿರಿನಿಂದ ಮಾಡುವ, ಉಕ್ಕಿಗೆ ಬೇಕಾದ ಕಬ್ಬಿಣ) ಗೂಡುಗಳಿಂದ ಬರುವುದು 900 ಡಿಗ್ರಿಗೂ ಜಾಸ್ತಿ.

ಇನ್ನೊಂದು ವಿಷಯ ಗಮನಿಸಿ. ಕೊಳವೆಯ ಜಾಯಿಂಟ್‌ಗಳಲ್ಲಿ ಸಂದು ಇದ್ದರೆ ಹೊರಗಿನ ತಣ್ಣನೆ ಗಾಳಿ ಒಳಗೆ ಎಳೆದುಕೊಂಡು ಬರುತ್ತದೆ. ಆಗ ಗಾಳಿಯ ಪ್ರಮಾಣ ಜಾಸ್ತಿಯಾಗಿ, ಡಿಗ್ರಿ ಬಿದ್ದುಹೋಗುತ್ತದೆ. ಎಂಜಿನ್ ದೃಷ್ಟಿಯಲ್ಲಿ ಇದು ದೊಡ್ಡ ನಷ್ಟ. ಮೊದಲು ಆ ಸಂದುಗಳನ್ನು ಮುಚ್ಚಿಸಿ, ಆಮೇಲೆ ಅಳೆಯಿರಿ.

ಹಂತ 2: ಎಷ್ಟು ಬಿಸಿ?

ಡಿಗ್ರಿ ಜಾಸ್ತಿ ಇದ್ದ ಮಾತ್ರಕ್ಕೆ ಬಿಸಿ ಜಾಸ್ತಿ ಇದೆ ಎಂದಲ್ಲ. ಗಂಟೆಗೆ ಎಷ್ಟು ಕೆಜಿ ಹೊಗೆ ಬರುತ್ತಿದೆ ಎನ್ನುವುದೂ ಗೊತ್ತಾಗಬೇಕು. ಅದನ್ನು ಅಳೆಯುವ ಉಪಕರಣ ಇಲ್ಲದಿದ್ದರೆ ಇಂಧನದ ಲೆಕ್ಕದಿಂದ ಹಿಡಿಯಬಹುದು. ಉರಿದ ಇಂಧನ, ಅದನ್ನು ಉರಿಸಿದ ಗಾಳಿ, ಎರಡೂ ಸೇರಿದ್ದೇ ಹೊಗೆ ತಾನೆ.

ಒಂದು ಉದಾಹರಣೆ ಹಿಡಿದು ಕೊನೆಯ ತನಕ ಹೋಗೋಣ. 100 ಕಿಲೋವ್ಯಾಟ್ ಲೋಡ್‌ನಲ್ಲಿ ಓಡುತ್ತಿರುವ ಡೀಸೆಲ್ ಜನರೇಟರ್. ಯೂನಿಟ್‌ಗೆ 0.27 ಲೀಟರ್ ಎಂದರೆ ಗಂಟೆಗೆ 27 ಲೀಟರ್, ತೂಕದಲ್ಲಿ ಸುಮಾರು 23 ಕೆಜಿ. ಟರ್ಬೋ ಇರುವ ಎಂಜಿನ್ 1 ಕೆಜಿ ಡೀಸೆಲ್‌ಗೆ ಸುಮಾರು 25 ಕೆಜಿ ಗಾಳಿ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು ಹೊಗೆ ಗಂಟೆಗೆ ಸುಮಾರು 590 ಕೆಜಿ, ಅಂದರೆ ಸೆಕೆಂಡಿಗೆ 0.164 ಕೆಜಿ. ಹೊಗೆಯನ್ನು 1 ಡಿಗ್ರಿ ತಣ್ಣಗೆ ಮಾಡಿದರೆ ಕೆಜಿಗೆ ಸುಮಾರು 1.1 ಕಿಲೋಜೂಲ್ ಸಿಗುತ್ತದೆ. 450 ಡಿಗ್ರಿಯಿಂದ 160ಕ್ಕೆ ಇಳಿಸಿದರೆ:

0.164 × 1.1 × 290 = ಸುಮಾರು 52 ಕಿಲೋವ್ಯಾಟ್ ಬಿಸಿ.

160ಕ್ಕೇ ಯಾಕೆ ನಿಲ್ಲಿಸಬೇಕು? ಎರಡು ಕಾರಣ. ಇಂಧನದಲ್ಲಿ ಗಂಧಕ ಇದ್ದರೆ ಹೊಗೆ ತೀರ ತಣ್ಣಗಾದಾಗ ಸಲ್ಫ್ಯೂರಿಕ್ ಆಮ್ಲ ಕೊಳವೆಯ ಒಳಮೈಗೆ ಕೂತು ತಿನ್ನುತ್ತದೆ. ಕಲ್ಲಿದ್ದಲು, ಫರ್ನೇಸ್ ಆಯಿಲ್ ಉರಿಸುವವರಿಗೆ ಇದು ದೊಡ್ಡ ತಲೆನೋವು. ಈಗಿನ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷ ಭಾಗದಲ್ಲಿ 10 ಭಾಗ ಮಾತ್ರ, ಹಾಗಾಗಿ ಸ್ವಲ್ಪ ಕೆಳಗೆ ಇಳಿದರೂ ನಡೆಯುತ್ತದೆ. ಎರಡನೆಯದು, ಕೊನೆಯ ಕೆಲವು ಡಿಗ್ರಿ ಹಿಂಡಲು ಹೀಟ್ ಎಕ್ಸ್‌ಚೇಂಜರ್, ಅಂದರೆ ಹೊಗೆಯ ಬಿಸಿಯನ್ನು ದ್ರವಕ್ಕೆ ದಾಟಿಸುವ ಕೊಳವೆಗಳ ಪೆಟ್ಟಿಗೆ, ತೀರ ದೊಡ್ಡದಾಗಬೇಕಾಗುತ್ತದೆ. ದೊಡ್ಡದಾದಷ್ಟೂ ಹೊಗೆ ಹೋಗಲು ಅಡ್ಡಿ ಜಾಸ್ತಿ, ಜನರೇಟರ್ ತಾನೇ ಹೆಚ್ಚು ಎಣ್ಣೆ ಕುಡಿಯಲು ಶುರು ಮಾಡುತ್ತದೆ. ಎಷ್ಟು ಹಿನ್ನೊತ್ತಡ ತಡೆಯುತ್ತದೆ ಎನ್ನುವುದು ಎಂಜಿನ್ ಕೈಪಿಡಿಯಲ್ಲಿ ಇರುತ್ತದೆ, ನೋಡಿಕೊಳ್ಳಿ.

ಸೌದೆ ಒಲೆಯಾದರೆ ಲೆಕ್ಕ ಒರಟು. 1 ಕೆಜಿ ಒಣ ಸೌದೆ ಉರಿಯಲು ಸುಮಾರು 6 ಕೆಜಿ ಗಾಳಿ ಸಾಕು, ಆದರೆ ನಮ್ಮ ಮಾಮೂಲಿ ಒಲೆಗಳು ಅದರ ಎರಡರಷ್ಟು ಎಳೆಯುವುದು ಸಾಮಾನ್ಯ. ಹಾಗೆ ಹಿಡಿದು ಹೋದರೆ ಮೊದಲ ಅಂದಾಜಿಗೆ ಸಾಕಾಗುತ್ತದೆ.

ಹಂತ 3: ತಣ್ಣನೆ ಕಡೆ ಏನಿದೆ? ಮಿತಿ ಎಷ್ಟು?

ಹೆಚ್ಚಿನವರು ಎಡವುವುದು ಇಲ್ಲಿ. ಬಿಸಿ ಕಡೆಯನ್ನು ಅಳೆದು, ತಣ್ಣನೆ ಕಡೆಯನ್ನು ಮರೆತುಬಿಡುತ್ತಾರೆ.

ಬಿಸಿಯಲ್ಲಿ ಎಷ್ಟು ಪಾಲನ್ನು ಎಂಜಿನ್ ಕೆಲಸವಾಗಿ ಬದಲಿಸಬಹುದು ಎನ್ನುವುದಕ್ಕೆ, 1824ರಲ್ಲಿ ಫ್ರಾನ್ಸಿನ ಸಾದಿ ಕಾರ್ನೋ ತೋರಿಸಿಕೊಟ್ಟ ವಿಚಾರದಿಂದ ಬಂದ ಒಂದು ಮಿತಿ ಇದೆ. ಯಾವ ಕಂಪನಿಯ ಯಂತ್ರವೂ ಅದನ್ನು ದಾಟಲಾಗದು. ಎರಡೂ ಕಡೆಯ ಡಿಗ್ರಿಗೆ 273 ಕೂಡಿಸಿ. ತಣ್ಣನೆಯದನ್ನು ಬಿಸಿಯದರಿಂದ ಭಾಗಿಸಿ, ಬಂದದ್ದನ್ನು 1ರಿಂದ ಕಳೆಯಿರಿ. ಅಷ್ಟೇ.

90 ಡಿಗ್ರಿ ನೀರು ಬಿಸಿ ಕಡೆ, 30 ಡಿಗ್ರಿ ತಣ್ಣನೆ ಕಡೆ ಎಂದಾದರೆ 1 ರಲ್ಲಿ 303/363 ಕಳೆಯಬೇಕು, ಅಂದರೆ ಶೇ 16.5. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ತಣ್ಣನೆ ಕಡೆ 45 ಡಿಗ್ರಿಗೆ ಏರಿತು ಎಂದುಕೊಳ್ಳಿ. ಅದೇ ಬಿಸಿ ನೀರಿಗೆ ಮಿತಿ ಶೇ 12.4ಕ್ಕೆ ಬೀಳುತ್ತದೆ. ಒಲೆಯಲ್ಲಿ ಏನೂ ಬದಲಾಗಿಲ್ಲ, ನಾಲ್ಕನೇ ಒಂದು ಪಾಲು ಹೋಯಿತು.

ಮಿತಿ ಎಂದರೆ ಕನಸಿನ ಎಂಜಿನ್‌ಗೆ ಸಿಗುವುದು. ನಿಜವಾದ, ದೊಡ್ಡ, ಒಳ್ಳೆಯ ಯಂತ್ರ ಅದರ ಅರ್ಧದಷ್ಟು ಕೊಟ್ಟರೆ ಸಂತೋಷ. ಸಣ್ಣದಕ್ಕೆ ಮೂರನೇ ಒಂದು ಪಾಲು ಎಂದು ಹಿಡಿಯಿರಿ. ಅಮೆರಿಕದ ಅಲಾಸ್ಕಾದ ಚೆನಾ (Chena) ಹಾಟ್ ಸ್ಪ್ರಿಂಗ್ಸ್‌ನಲ್ಲಿ 2006ರಿಂದ ಒಂದು ಓಆರ್‌ಸಿ ಘಟಕ ಓಡುತ್ತಿದೆ. ಬಿಸಿ ಕಡೆ ಬರೀ 74 ಡಿಗ್ರಿಯ ಬುಗ್ಗೆ ನೀರು. ನಮ್ಮ ಹಂಡೆ ನೀರಿನ ಬಿಸಿ! ಆದರೆ ತಣ್ಣನೆ ಕಡೆ 4 ಡಿಗ್ರಿ ಆಸುಪಾಸಿನ ನೀರು. ಮಿತಿ ಶೇ 20, ಸಿಗುವುದು ಶೇ 8ರಷ್ಟು. ಅದೇ ಯಂತ್ರವನ್ನು ರಾಯಚೂರಿಗೆ ತಂದು 35 ಡಿಗ್ರಿ ನೀರಿನಿಂದ ತಣ್ಣಗೆ ಮಾಡಿದರೆ ಮಿತಿಯೇ ಶೇ 11. ಅಲಾಸ್ಕಾದ ಫೋಟೋ ತೋರಿಸಿ ಇಲ್ಲಿ ಯಂತ್ರ ಮಾರಲು ಬಂದವರಿಗೆ ಈ ಲೆಕ್ಕ ತೋರಿಸಿ.

ಹಾಗೇ, ‘50 ಡಿಗ್ರಿ ನೀರಿನಿಂದ ಶೇ 20 ಕರೆಂಟ್’ ಎಂಬ ಜಾಹೀರಾತು ಕಂಡರೆ ಅಲ್ಲೇ ಬಿಟ್ಟುಬಿಡಿ. ತಣ್ಣನೆ ಕಡೆ 25 ಇದ್ದರೂ ಮಿತಿ ಶೇ 7.7 ದಾಟುವುದಿಲ್ಲ.

ನಮ್ಮ ಜನರೇಟರ್ ಉದಾಹರಣೆಗೆ ಬರೋಣ. ಹೊಗೆ 450 ಡಿಗ್ರಿ ಇದ್ದರೂ ತಣ್ಣಗಾಗುತ್ತಾ ಹೋಗುತ್ತದೆ, ಒಳಗಿನ ದ್ರವ ಕುದಿಯುವುದು 180 ಡಿಗ್ರಿಯ ಹತ್ತಿರ. ತಣ್ಣನೆ ಕಡೆ 35. ಮಿತಿ ಶೇ 32. ಸಣ್ಣ ಯಂತ್ರ, ಶೇ 12 ಎಂದು ಧಾರಾಳವಾಗಿಯೇ ಹಿಡಿಯೋಣ. 52 ಕಿಲೋವ್ಯಾಟ್ ಬಿಸಿಯಿಂದ ಸುಮಾರು 6 ಕಿಲೋವ್ಯಾಟ್ ಕರೆಂಟ್.

ಹಂತ 4: ಆ ಬಿಸಿಯನ್ನು ಬಿಸಿಯಾಗಿಯೇ ಬಳಸಬಹುದಾ?

ಈಗ ಒಂದು ಕ್ಷಣ ಎಂಜಿನ್ ಪಕ್ಕಕ್ಕಿಡಿ. ಅದೇ 52 ಕಿಲೋವ್ಯಾಟ್ ಬಿಸಿಯಿಂದ ಗಂಟೆಗೆ 1,100 ಲೀಟರ್ ನೀರನ್ನು 25ರಿಂದ 65 ಡಿಗ್ರಿಗೆ ಕಾಯಿಸಬಹುದು. ಹೋಟೆಲ್, ಹಾಸ್ಟೆಲ್, ಡೈರಿ, ಬಟ್ಟೆ ಒಗೆಯುವ ಘಟಕದಲ್ಲಿ ಇದರ ಬೆಲೆ ಗೊತ್ತಿರುವವರಿಗೆ ಗೊತ್ತು. ಇದೇ ನೀರನ್ನು ಗೀಸರ್‌ನಲ್ಲಿ ಕಾಯಿಸಿದರೆ 52 ಕಿಲೋವ್ಯಾಟ್ ಕರೆಂಟ್ ಬೇಕು. ಎಂಜಿನ್ ಹಾಕಿದರೆ ಸಿಗುವುದು 6. ತಿರುಗುವ ಭಾಗವಿಲ್ಲದ ಒಂದು ಹೀಟ್ ಎಕ್ಸ್‌ಚೇಂಜರ್ ಹಾಕಿದರೆ 52 ಉಳಿಯುತ್ತದೆ.

ಬಿಸಿ ನೀರು ಬೇಡ, ತಂಪು ಬೇಕು ಎನ್ನುವ ಆಸ್ಪತ್ರೆ, ಕೋಲ್ಡ್ ಸ್ಟೋರೇಜ್‌ನವರಿಗೆ ಅಬ್ಸಾರ್ಪ್ಷನ್ ಚಿಲ್ಲರ್ ಇದೆ. ಅದು ಬಿಸಿಯಿಂದಲೇ ತಂಪು ಮಾಡುವ ಯಂತ್ರ. ಲಿಥಿಯಂ ಬ್ರೋಮೈಡ್ ದ್ರಾವಣದ ಮಾಮೂಲಿ ಮಾದರಿ 90 ಡಿಗ್ರಿ ನೀರಿನಿಂದಲೂ ಓಡುತ್ತದೆ. ಒಳಗೆ ಹೋದ ಬಿಸಿಯ ಶೇ 70ರಷ್ಟು ತಂಪು ಸಿಗುತ್ತದೆ ಎಂದರೆ ನಮ್ಮ 52 ಕಿಲೋವ್ಯಾಟ್‌ನಿಂದ 10 ಟನ್ ಎಸಿ. ಅಷ್ಟು ಎಸಿಗೆ ಸುಮಾರು 10 ಕಿಲೋವ್ಯಾಟ್ ಕರೆಂಟ್ ಬೇಕಿತ್ತು. ಇಲ್ಲೂ ಎಂಜಿನ್ ಸೋತಿತು. ಒಂದು ಎಚ್ಚರಿಕೆ: ಈ ಚಿಲ್ಲರ್‌ನ ಕೂಲಿಂಗ್ ಟವರ್‌ಗೆ ನೀರಂತೂ ಬೇಕು. ಟ್ಯಾಂಕರ್ ನೀರು ತರಿಸುವ ಜಾಗದಲ್ಲಿ ಲೆಕ್ಕ ತಲೆಕೆಳಗಾಗಬಹುದು.

ಮಂಡ್ಯ ಕಡೆಯ ಆಲೆಮನೆ ನೋಡಿ. ಒಂದೇ ಕೊಪ್ಪರಿಗೆ ಇರುವ ಹಳೇ ಒಲೆಯಲ್ಲಿ ಉರಿ ಕೊಪ್ಪರಿಗೆ ತಳ ಸವರಿ ನೇರ ಚಿಮಣಿಗೆ ಹೋಗುತ್ತದೆ. ಆ ಹಾದಿಯಲ್ಲಿ ಎರಡನೇ ಕೊಪ್ಪರಿಗೆ, ಸಾಧ್ಯವಾದರೆ ಮೂರನೆಯದು ಕೂರಿಸಿದರೆ ಮುಂದಿನ ಪಾಕಕ್ಕೆ ಕಬ್ಬಿನ ಹಾಲು ಮೊದಲೇ ಬಿಸಿಯಾಗಿರುತ್ತದೆ. ಕಬ್ಬಿನ ಸಿಪ್ಪೆ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ಆಲೆಮನೆ ಚಿಮಣಿಗೆ ಎಂಜಿನ್ ಕೂರಿಸುವ ಪ್ರಾಜೆಕ್ಟ್‌ಗಳ ಮಾತು ಆಗಾಗ ಕೇಳಿಬರುತ್ತದೆ. ನನ್ನ ಪ್ರಕಾರ ಕೊಪ್ಪರಿಗೆ ಕೂರಿಸುವ ಮೇಸ್ತ್ರಿಯನ್ನು ಮೊದಲು ಕರೆಯಬೇಕು.

ಲಕ್ಷದ್ವೀಪದ ಕವರತ್ತಿಯಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 2005ರಲ್ಲಿ ಮಾಡಿದ್ದೂ ಈ ದಾರಿಯದೇ. ಸಮುದ್ರದ ಮೇಲಿನ ಬೆಚ್ಚಗಿನ ನೀರು, ಆಳದ ತಣ್ಣನೆ ನೀರು, ಇವೆರಡರ ವ್ಯತ್ಯಾಸ ಹತ್ತು ಹದಿನೈದು ಡಿಗ್ರಿ. ಅಷ್ಟರಿಂದ ಕರೆಂಟ್ ತೆಗೆಯಲು ಹೊರಟರೆ ಚಿಲ್ಲರೆ ಸಿಗುತ್ತದೆ. ಅವರು ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದ ನೀರಿನಿಂದ ತಣ್ಣಗೆ ಮಾಡಿ, ದಿನಕ್ಕೆ 1 ಲಕ್ಷ ಲೀಟರ್ ಕುಡಿಯುವ ನೀರು ತೆಗೆಯುವ ಘಟಕ ಕಟ್ಟಿದರು.

ಹಂತ 5: ವರ್ಷಕ್ಕೆ ಎಷ್ಟು ಗಂಟೆ?

ಬಿಸಿಯಾಗಿ ಬಳಸುವ ದಾರಿ ಇಲ್ಲ, ಕರೆಂಟ್ ಮಾತ್ರ ಬೇಕು ಎಂದಾದರೆ ಈ ಪ್ರಶ್ನೆ ಕೇಳಿಕೊಳ್ಳಿ. 6 ಕಿಲೋವ್ಯಾಟ್ ಎಂದರೆ ಗಂಟೆಗೆ 1.6 ಲೀಟರ್ ಡೀಸೆಲ್ ಉಳಿತಾಯ. ಲೀಟರ್‌ಗೆ 90 ರೂಪಾಯಿ ಎಂದಿಟ್ಟುಕೊಂಡರೆ ಗಂಟೆಗೆ ಸುಮಾರು 145 ರೂಪಾಯಿ. ಕರೆಂಟ್ ಹೋದಾಗ ಮಾತ್ರ ಓಡುವ ಜನರೇಟರ್, ವರ್ಷಕ್ಕೆ 500 ಗಂಟೆ: 72 ಸಾವಿರ ರೂಪಾಯಿ. ಇದರಲ್ಲಿ ಯಂತ್ರದ ಸಾಲದ ಬಡ್ಡಿಯೂ ತೀರುವುದು ಅನುಮಾನ. ಅದೇ ಜನರೇಟರ್ ಗ್ರಿಡ್ ಇಲ್ಲದ ಜಾಗದಲ್ಲಿ ವರ್ಷಕ್ಕೆ 6,000 ಗಂಟೆ ಓಡಿದರೆ ಸುಮಾರು 8.7 ಲಕ್ಷ. ಆಗ ಕೂತು ಮಾತಾಡಬಹುದು. ಇಲ್ಲಿ ನಿಮ್ಮ ಊರಿನ ದರ, ನಿಮ್ಮ ಗಂಟೆ ಹಾಕಿಕೊಳ್ಳಿ.

ಸಿಮೆಂಟ್, ಉಕ್ಕಿನ ಕಾರ್ಖಾನೆಗಳಲ್ಲಿ ಇದು ಯಾಕೆ ಗಿಟ್ಟುತ್ತದೆ ಎನ್ನುವುದು ಈಗ ಗೊತ್ತಾಗುತ್ತದೆ. ಗೂಡು ಹಗಲೂ ರಾತ್ರಿ ಉರಿಯುತ್ತದೆ, ವರ್ಷಕ್ಕೆ 7–8 ಸಾವಿರ ಗಂಟೆ. ಸೇಡಂ, ವಾಡಿ ಕಡೆ ಇರುವಂಥ ದೊಡ್ಡ ಸಿಮೆಂಟ್ ಘಟಕದಲ್ಲಿ 1 ಟನ್ ಕ್ಲಿಂಕರ್‌ಗೆ (ಅರೆದು ಸಿಮೆಂಟ್ ಮಾಡುವ ಸುಟ್ಟ ಉಂಡೆ) 30 ಯೂನಿಟ್ ಹತ್ತಿರ ಬಿಸಿಯಿಂದ ಕರೆಂಟ್ ತೆಗೆಯಬಹುದು. ದಿನಕ್ಕೆ 3,000 ಟನ್ ಆದರೆ 90 ಸಾವಿರ ಯೂನಿಟ್, ಅಂದರೆ 3.75 ಮೆಗಾವ್ಯಾಟ್ ನಿರಂತರ. ಸ್ಪಾಂಜ್ ಐರನ್‌ನಲ್ಲಿ ಹೊಗೆ ಇನ್ನೂ ಬಿಸಿ. ದಿನಕ್ಕೆ 100 ಟನ್ ಮಾಡುವ ಗೂಡಿನಿಂದ 2 ಮೆಗಾವ್ಯಾಟ್ ಎನ್ನುವುದು ಆ ಉದ್ಯಮದ ಮಾಮೂಲಿ ಲೆಕ್ಕ.

ಹಂತ 6: ಯಾವ ಯಂತ್ರ?

ಇಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಕಡಿಮೆ. 350 ಡಿಗ್ರಿಗಿಂತ ಜಾಸ್ತಿ, ಮೆಗಾವ್ಯಾಟ್ ಲೆಕ್ಕದ ಕರೆಂಟ್ ಎಂದರೆ ಹಬೆ ಟರ್ಬೈನ್. 90ರಿಂದ 300 ಡಿಗ್ರಿ, ಹತ್ತಾರು ಕಿಲೋವ್ಯಾಟ್‌ನಿಂದ ಮೇಲೆ ಎಂದರೆ ಓಆರ್‌ಸಿ. ಸ್ಟರ್ಲಿಂಗ್‌ಗೆ ನಿಜವಾದ ಶಕ್ತಿ ಬರುವುದು 500–600 ಡಿಗ್ರಿ ದಾಟಿದ ಮೇಲೆ; ಸ್ವೀಡನ್ನಿನ ಗಾಟ್‌ಲ್ಯಾಂಡ್ ವರ್ಗದ ಜಲಾಂತರ್ಗಾಮಿಗಳು ನೀರಿನಡಿ ಸದ್ದಿಲ್ಲದೆ ಸಾಗಲು ಇದನ್ನೇ ಬಳಸುತ್ತವೆ. ಸದ್ದಿಲ್ಲದಿರುವುದೇ ಅದರ ದೊಡ್ಡ ಗುಣ. ಅಂಗಡಿಯಲ್ಲಿ ಕೊಳ್ಳುವಂಥ ಸ್ಟರ್ಲಿಂಗ್ ಮಾತ್ರ ಇನ್ನೂ ಅಪರೂಪ. ಕೆಲವೇ ವ್ಯಾಟ್ ಸಾಕು, ಒಂದು ಸೆನ್ಸರ್ ಅಥವಾ ಸಣ್ಣ ಫ್ಯಾನ್ ಓಡಿದರೆ ಸಾಕು ಎನ್ನುವವರಿಗೆ ತಿರುಗುವ ಭಾಗವೇ ಇಲ್ಲದ ಥರ್ಮೋಎಲೆಕ್ಟ್ರಿಕ್ ಬಿಲ್ಲೆಗಳಿವೆ. ದಕ್ಷತೆ ಶೇ 5ರ ಆಸುಪಾಸು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆವಿಯ ಬದಲು ತೀರ ಒತ್ತಡದ ಕಾರ್ಬನ್ ಡೈಆಕ್ಸೈಡ್ ಬಳಸುವ ಚಕ್ರದ ಪ್ರಯೋಗ ನಡೆದಿದೆ. ಟರ್ಬೈನ್ ತುಂಬ ಚಿಕ್ಕದಾಗುತ್ತದೆ ಎನ್ನುವುದು ಆಸೆ. ನಮ್ಮಂಥವರು ಇವತ್ತು ಕೊಳ್ಳುವ ಸರಕಲ್ಲ ಅದು.

ಹಂತ 7: ಸೂರ್ಯನ ಬಿಸಿಯಾದರೆ?

ಬಾಂಬೆಯಲ್ಲಿ 1870ರ ದಶಕದಲ್ಲಿ ವಿಲಿಯಂ ಆಡಮ್ಸ್ ಎಂಬ ಬ್ರಿಟಿಷ್ ಅಧಿಕಾರಿ ಸಾಲು ಕನ್ನಡಿಗಳಿಂದ ಬಾಯ್ಲರ್ ಕಾಯಿಸಿ ಎರಡೂವರೆ ಅಶ್ವಶಕ್ತಿಯ ಹಬೆ ಎಂಜಿನ್ ಓಡಿಸಿದ್ದ. ಅಂದರೆ ಈ ಆಸೆ ಹೊಸದಲ್ಲ. ಆಗ ಸೋಲಾರ್ ಪ್ಯಾನೆಲ್ ಇರಲಿಲ್ಲ, ಈಗ ಇದೆ. ವ್ಯತ್ಯಾಸ ಅಲ್ಲೇ ಇರುವುದು.

ಲೆಕ್ಕ ಹಾಕಿ. 10 ಚದರ ಮೀಟರ್ ಚಾವಣಿ, ಸುಡುಬಿಸಿಲು, ಒಟ್ಟು 10 ಕಿಲೋವ್ಯಾಟ್ ಬೀಳುತ್ತಿದೆ. ಗಾಜಿನ ಕೊಳವೆಯ ಸೋಲಾರ್ ಹೀಟರ್ 100 ಡಿಗ್ರಿಯ ಹತ್ತಿರ ಶೇ 55ರಷ್ಟು ಹಿಡಿಯಿತು: 5.5 ಕಿಲೋವ್ಯಾಟ್. ಸಣ್ಣ ಎಂಜಿನ್ ಅದರ ಶೇ 7 ತೆಗೆಯಿತು: 385 ವ್ಯಾಟ್. ಅದೇ ಜಾಗದಲ್ಲಿ ಶೇ 20 ದಕ್ಷತೆಯ ಪ್ಯಾನೆಲ್ ಹಾಕಿದ್ದರೆ 2,000 ವ್ಯಾಟ್. ಚಾವಣಿ ಮೇಲೆ ಕರೆಂಟ್ ಬೇಕು ಎಂದರೆ ಮಾತು ಅಲ್ಲಿಗೆ ಮುಗಿಯಿತು, ಪ್ಯಾನೆಲ್ ಹಾಕಿ.

ಕನ್ನಡಿಯಿಂದ ಬಿಸಿಲನ್ನು ಒಂದೆಡೆ ಕೂಡಿಸಿದರೆ ಚಿತ್ರ ಬದಲಾಗುತ್ತದೆ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ 2008ರ ಜನವರಿಯಲ್ಲಿ ತಟ್ಟೆಕನ್ನಡಿ ಮತ್ತು ಸ್ಟರ್ಲಿಂಗ್ ಎಂಜಿನ್ ಜೋಡಿ ಬಿಸಿಲಿನ ಶೇ 31.25ನ್ನು ಕರೆಂಟ್ ಮಾಡಿತು. ಅವತ್ತು ನ್ಯೂ ಮೆಕ್ಸಿಕೋದಲ್ಲಿ ಪ್ರಖರ ಬಿಸಿಲು, ಜತೆಗೆ ಕೊರೆಯುವ ಚಳಿ. ಹಂತ 3 ನೆನಪಿಗೆ ಬಂತಲ್ಲ? ಆ ಎಂಜಿನ್ ಮಾಡಿದ ಕಂಪನಿ 2011ರಲ್ಲಿ ದಿವಾಳಿ ಎದ್ದಿತು. ಪ್ಯಾನೆಲ್ ಬೆಲೆ ಅಷ್ಟರಲ್ಲಿ ಕುಸಿಯುತ್ತಿತ್ತು.

ಕನ್ನಡಿಗೆ ಇನ್ನೊಂದು ಶರತ್ತು ಇದೆ. ಅದಕ್ಕೆ ನೇರ ಬಿಸಿಲೇ ಬೇಕು, ಮೋಡದ ಮಂಕು ಬೆಳಕಿನಲ್ಲಿ ಅದು ಏನೂ ಮಾಡದು. ಪ್ಯಾನೆಲ್ ಮಂಕು ಬೆಳಕಿನಲ್ಲೂ ಅಷ್ಟಿಷ್ಟು ಕೊಡುತ್ತದೆ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕನ್ನಡಿಗೆ ರಜೆ ಎಂದೇ ತಿಳಿಯಿರಿ. ಬಯಲುಸೀಮೆಯಲ್ಲೂ ಮಳೆಗಾಲದ ಲೆಕ್ಕ ಬೇರೆಯೇ ಹಾಕಬೇಕು.

ಹಾಗಾದರೆ ಸೂರ್ಯನ ಬಿಸಿಗೆ ಜಾಗ ಎಲ್ಲಿ? ಎರಡು ಕಡೆ. ಬಿಸಿಯನ್ನು ಕೂಡಿಟ್ಟು ರಾತ್ರಿ ಕರೆಂಟ್ ತೆಗೆಯುವ ಕಡೆ: ರಾಜಸ್ಥಾನದ ಅಬು ರೋಡ್‌ನಲ್ಲಿ ಬ್ರಹ್ಮಕುಮಾರಿಯರ 1 ಮೆಗಾವ್ಯಾಟ್ ಘಟಕದಲ್ಲಿ 770 ತಟ್ಟೆಕನ್ನಡಿಗಳಿವೆ, ಬಿಸಿಯನ್ನು ಎರಕದ ಕಬ್ಬಿಣದ ದಿಮ್ಮಿಗಳಲ್ಲಿ ಹಿಡಿದಿಡುತ್ತಾರೆ. ಇನ್ನೊಂದು, ಹಬೆಯೇ ಬೇಕಾದ ಕಡೆ. ಶಿರಡಿಯ ಸಾಯಿ ಸಂಸ್ಥಾನದ ಅಡುಗೆಮನೆಯಲ್ಲಿ 2009ರಲ್ಲಿ ಹಾಕಿದ 73 ತಟ್ಟೆಕನ್ನಡಿಗಳ ಹಬೆಯಲ್ಲಿ ಪ್ರಸಾದ ಬೇಯುತ್ತದೆ. ಅಲ್ಲಿ ಎಂಜಿನ್ ಇಲ್ಲವೇ ಇಲ್ಲ.

ಹಂತ 8: ಕೊಟೇಶನ್ ಓದುವುದು

ಇಷ್ಟೆಲ್ಲ ದಾಟಿಯೂ ಲೆಕ್ಕ ಗಿಟ್ಟುತ್ತಿದ್ದರೆ ಮಾತ್ರ ಮಾರುವವರನ್ನು ಕರೆಯಿರಿ. ನಿಮ್ಮ ಒಂದು ವಾರದ ನೋಟ್‌ಬುಕ್ ಅವರ ಮುಂದಿಡಿ. ಆಮೇಲೆ ಇವಿಷ್ಟನ್ನು ಕೇಳಿ.

ಬರೆದಿರುವ ಕಿಲೋವ್ಯಾಟ್ ಒಟ್ಟಾದದ್ದೋ, ಪಂಪ್, ಫ್ಯಾನ್ ಖರ್ಚು ಕಳೆದದ್ದೋ? ಗಾಳಿಯಿಂದ ತಣ್ಣಗೆ ಮಾಡುವ ಸಣ್ಣ ಓಆರ್‌ಸಿಯಲ್ಲಿ ಫ್ಯಾನ್‌ಗಳು ತಿನ್ನುವ ಕರೆಂಟ್ ಸಣ್ಣದಲ್ಲ. ಹೊರಗಿನ ತಾಪಮಾನ ಎಷ್ಟಿದ್ದಾಗಿನ ಮಾತು? ಅನೇಕ ಬ್ರೋಷರ್‌ಗಳಲ್ಲಿ 15 ಅಥವಾ 20 ಡಿಗ್ರಿ ಎಂದಿರುತ್ತದೆ. ನಮ್ಮಲ್ಲಿ ಅದು ಮಡಿಕೇರಿಯ ಚಳಿಗಾಲ. ಲೋಡ್ ಅರ್ಧಕ್ಕೆ ಇಳಿದರೆ ಎಷ್ಟು ಕೊಡುತ್ತದೆ? ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಮಸಿ ಕೂತರೆ ಬಿಚ್ಚಿ ತೊಳೆಯಲು ಬರುತ್ತದಾ, ಯಾರು ತೊಳೆಯುತ್ತಾರೆ? ಸೀಲ್ ಹೋದರೆ ಬಿಡಿಭಾಗ ಎಲ್ಲಿಂದ ಬರಬೇಕು, ಎಷ್ಟು ದಿನ?

ಒಳಗಿನ ದ್ರವ ಯಾವುದು ಎಂದೂ ಕೇಳಿ. ಪೆಂಟೇನ್ ಪೆಟ್ರೋಲ್‌ನಷ್ಟೇ ಸಲೀಸಾಗಿ ಹೊತ್ತಿಕೊಳ್ಳುತ್ತದೆ. ಗೋಡೆಗಳ ನಡುವೆ ಮುಚ್ಚಿದ ಜನರೇಟರ್ ಕೋಣೆಯಲ್ಲಿ ಅದನ್ನು ಇಡಬೇಡಿ. ಹಬೆ ಮಾಡುವ ಯಾವುದೇ ಏರ್ಪಾಡಾದರೆ ಬಾಯ್ಲರ್ ಕಾನೂನು ಅನ್ವಯಿಸುತ್ತದಾ ಎಂದು ಕರ್ನಾಟಕದ ಕಾರ್ಖಾನೆ ಮತ್ತು ಬಾಯ್ಲರ್‌ಗಳ ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ವೆಲ್ಡಿಂಗ್ ಅಂಗಡಿಯಲ್ಲಿ ಬಾಯ್ಲರ್ ಮಾಡಿಸುವ ಯೋಚನೆ ಇದ್ದರೆ ಈಗಲೇ ಬಿಡಿ, ಜೀವ ಹೋಗುವ ವಿಷಯ ಅದು. ಕರೆಂಟನ್ನು ಗ್ರಿಡ್ ಜತೆ ಜೋಡಿಸುವುದಾದರೆ ನಿಮ್ಮ ಎಸ್ಕಾಂನ ಒಪ್ಪಿಗೆ ಬೇಕು.

ಒಪ್ಪಂದದಲ್ಲಿ ಒಂದು ಸಾಲು ಕಡ್ಡಾಯವಾಗಿ ಹಾಕಿಸಿ: ಖರ್ಚು ಕಳೆದ ಕಿಲೋವ್ಯಾಟನ್ನು ಏಪ್ರಿಲ್ ತಿಂಗಳ ಮಧ್ಯಾಹ್ನ 3 ಗಂಟೆಗೆ, ನಿಮ್ಮ ಮೀಟರ್‌ನಲ್ಲಿ, ನಿಮ್ಮ ಮುಂದೆ ಅಳೆದು ತೋರಿಸಬೇಕು. ಕೊನೆಯ ಕಂತು ಅದರ ಮೇಲೆ. ಯಂತ್ರ ಬರುವುದು ಡಿಸೆಂಬರ್‌ನಲ್ಲಾದರೆ ಏಪ್ರಿಲ್ ತನಕ ಆ ಕಂತು ನಿಮ್ಮ ಹತ್ತಿರವೇ ಇರಲಿ.